ಸಿನಿಮಾದ ತಪ್ಪು, ತರಗತಿಯ ಆಧಾರ: ಒಂಬತ್ತನೆಯ ತರಗತಿಗೆ ಎರಡು ಅವಧಿಯ ಮಾದರಿ ಪಾಠ

ಪೀಠಿಕೆ

ಸಿನಿಮಾ ನೋಡುತ್ತಾ “ಅಲ್ಲಿ ನೋಡು, ತಪ್ಪು!” ಎಂದು ಕೂಗುವ ಮಕ್ಕಳು ಪ್ರತಿ ತರಗತಿಯಲ್ಲೂ ಇಬ್ಬರು ಮೂವರಾದರೂ ಇರುತ್ತಾರೆ. ಮಳೆಯಲ್ಲಿ ನೆನೆದು ಬಂದ ನಾಯಕಿಯ ಕೂದಲು ಹೊಸ್ತಿಲು ದಾಟುವಷ್ಟರಲ್ಲಿ ಒಣಗಿರುತ್ತದೆ. ಹೊಡೆದಾಟದಲ್ಲಿ ಹರಿದ ಅಂಗಿ ಮರುಕ್ಷಣ ಇಸ್ತ್ರಿ ಮಾಡಿದಂತಿರುತ್ತದೆ. ಇಂಥದ್ದನ್ನು ಹಿಡಿದ ಮಗು ಮರುದಿನ ಶಾಲೆಗೆ ಬಂದು ಗೆಳೆಯರ ಮುಂದೆ ಹೇಳಿಕೊಂಡು ಮೆರೆಯುತ್ತದೆ. ಅದರ ಜೊತೆಗೆ “ಆ ಸಿನಿಮಾದಲ್ಲಿ ಹೀಗಾಗಿತ್ತಂತೆ” ಎನ್ನುವ ಸ್ವಾರಸ್ಯದ ಸಂಗತಿಗಳೂ ಮೊಬೈಲಿನಿಂದ ಮೊಬೈಲಿಗೆ ಹರಿದು ಬರುತ್ತವೆ.

ನಾವು ಇದನ್ನು ಹರಟೆ ಎಂದು ತಳ್ಳಿಹಾಕುತ್ತೇವೆ. ಆದರೆ ‘ಇದು ತಪ್ಪು’ ಎನ್ನುವುದು ಒಂದು ಹೇಳಿಕೆ. ಹಾಗೆ ಹೇಳಿದವರು ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ: ಹಾಗಾದರೆ ಸರಿ ಯಾವುದು? ಅದು ನಿಮಗೆ ಹೇಗೆ ಗೊತ್ತು? ಈ ಎರಡು ಪ್ರಶ್ನೆಗಳನ್ನು ಮಕ್ಕಳು ತಮಗೆ ತಾವೇ ಕೇಳಿಕೊಳ್ಳುವಂತೆ ಮಾಡಿದರೆ, ಹರಟೆಯೇ ಆಧಾರಸಹಿತವಾಗಿ ಮಾತಾಡುವ ಅಭ್ಯಾಸವಾಗುತ್ತದೆ. ಈ ಉದ್ದೇಶದಿಂದ ನಮ್ಮ ಕಾಲೇಜಿನ ಅಭ್ಯಾಸ ಶಾಲೆಯೊಂದರಲ್ಲಿ, ಪ್ರಶಿಕ್ಷಣಾರ್ಥಿಗಳ ಎದುರಿನಲ್ಲಿ, ನಾನು ಕೊಟ್ಟ ಮಾದರಿ ಪಾಠವನ್ನು ಇಲ್ಲಿ ದಾಖಲಿಸಿದ್ದೇನೆ. ಪಾಠದ ಕೊನೆಯಲ್ಲಿ ಸಿಕ್ಕ ಒಂದು ಸಾಧನ ನಮ್ಮ ವಿಮರ್ಶಾ ಪಾಠಗಳಿಗೂ ಬೇಕಾದದ್ದೆಂದು ನನಗೆ ಅನ್ನಿಸಿದೆ. ಅದನ್ನೂ ವಿವರಿಸುತ್ತೇನೆ.

ಪಾಠದ ಚೌಕಟ್ಟು

ತರಗತಿ: ಒಂಬತ್ತು. ವಿಷಯ: ಕನ್ನಡ (ಆಲಿಸುವಿಕೆ, ಮಾತುಗಾರಿಕೆ, ಬರವಣಿಗೆ). ವಿಜ್ಞಾನ ಹಾಗೂ ಸಮಾಜ ವಿಜ್ಞಾನದೊಂದಿಗೆ ಸಮನ್ವಯ. ಅವಧಿ: 40 ನಿಮಿಷದ ಎರಡು ತರಗತಿ.

ಉದ್ದೇಶಗಳು: (1) ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆಯಾಗಿ ಹೇಳುವುದು. (2) ತಪ್ಪಿನ ಬಗೆಯನ್ನು ಗುರುತಿಸಿ, ಅದಕ್ಕೆ ಎಂಥ ಆಧಾರ ಬೇಕೆಂದು ನಿರ್ಧರಿಸುವುದು. (3) ತಪ್ಪಿನಿಂದ ಕಥೆಗೆ ಎಷ್ಟು ಧಕ್ಕೆಯಾಯಿತೆಂದು ತೂಗಿ ನೋಡುವುದು. (4) ಕೇಳಿದ ಸಂಗತಿಯನ್ನು ಹಂಚಿಕೊಳ್ಳುವ ಮೊದಲು ಪರೀಕ್ಷಿಸುವುದು.

ಸಾಮಗ್ರಿ: ಎರಡು ಚಿಕ್ಕ ದೃಶ್ಯ ತುಣುಕುಗಳು, ಒಂದು ನಿಶ್ಚಲ ಚಿತ್ರ, ಕಿರುನಾಟಕಕ್ಕೆ ಮನೆಬಳಕೆಯ ಸಾಮಾನು, ಒಂದು ಮೊಬೈಲು. ಪ್ರೊಜೆಕ್ಟರ್ ಇಲ್ಲದ ಶಾಲೆಯಲ್ಲೂ ಕಿರುನಾಟಕವನ್ನು ಮುಖ್ಯವಾಗಿಟ್ಟುಕೊಂಡು ಈ ಪಾಠ ನಡೆಸಬಹುದು.

ತಪ್ಪುಗಳ ನಾಲ್ಕು ಬಗೆ

ಕಪ್ಪುಹಲಗೆಯ ಮೇಲೆ ನಾಲ್ಕು ಅಂಕಣ ಎಳೆದು, ಮಕ್ಕಳು ಹೇಳಿದ ಉದಾಹರಣೆಗಳನ್ನು ಅವರ ಕೈಯಿಂದಲೇ ಅಂಕಣಗಳಿಗೆ ಹಾಕಿಸಿದೆ.

ಮೊದಲನೆಯದು ಮುಂದುವರಿಕೆಯ ತಪ್ಪು. ಚಿತ್ರರಂಗದವರು ಕಂಟಿನ್ಯುಟಿ ಎನ್ನುವುದು ಇದನ್ನೇ. ಒಂದು ಶಾಟ್‌ನಲ್ಲಿ ಅರ್ಧ ಇದ್ದ ಲೋಟದ ಹಾಲು ಮುಂದಿನ ಶಾಟ್‌ನಲ್ಲಿ ತುಂಬಿರುತ್ತದೆ. ಇದಕ್ಕೆ ಆಧಾರ ಸಿನಿಮಾದೊಳಗೇ ಇದೆ. ಎರಡು ಶಾಟ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು.

ಎರಡನೆಯದು ಚಿತ್ರೀಕರಣದ ವಸ್ತು ಕಣ್ಣಿಗೆ ಬೀಳುವುದು. ಮೇಲಿನಿಂದ ಇಳಿದ ಮೈಕು, ಕನ್ನಡಿಯಲ್ಲಿ ಕಂಡ ಕ್ಯಾಮೆರಾ, ಯಾರೋ ಮರೆತು ಬಿಟ್ಟ ನೀರಿನ ಬಾಟಲಿ. ಇದಕ್ಕೂ ಕಣ್ಣೇ ಸಾಕ್ಷಿ.

ಮೂರನೆಯದು ಕಾಲದೋಷ. ಕಥೆಯ ಕಾಲದಲ್ಲಿ ಇಲ್ಲದ ವಸ್ತುವೋ ಹೆಸರೋ ರೂಢಿಯೋ ಕಥೆಯೊಳಗೆ ಬರುವುದು. ಇಲ್ಲಿ ಕಣ್ಣು ಸಾಲದು, ಇತಿಹಾಸದ ಪುಸ್ತಕ ಬೇಕು.

ನಾಲ್ಕನೆಯದು ಸಂಗತಿಯ ತಪ್ಪು. ವಿಜ್ಞಾನಕ್ಕೋ ಭೂಗೋಳಕ್ಕೋ ಆಟದ ನಿಯಮಕ್ಕೋ ಹೊಂದದ್ದು. ಇದಕ್ಕೆ ಆಯಾ ವಿಷಯ ಬಲ್ಲವರ ಮಾತು ಬೇಕು.

ಒಟ್ಟಿನಲ್ಲಿ, ಎಲ್ಲ ತಪ್ಪಿಗೂ ಒಂದೇ ಬಗೆಯ ಆಧಾರ ಸಾಲದು. ಮೊದಲ ಅವಧಿ ಮುಗಿಯುವಷ್ಟರಲ್ಲಿ ಮಕ್ಕಳಿಗೆ ಇಷ್ಟು ಹಿಡಿದರೆ ಪಾಠದ ಅರ್ಧ ಭಾಗ ಆದಂತೆ.

ಮೊದಲ ಅವಧಿ: ಕಣ್ಣಿಗೆ ಕಾಣುವ ತಪ್ಪು

ಪಾಠವನ್ನು ಕಿರುನಾಟಕದಿಂದ ಶುರುಮಾಡಿದೆ. ಹೆಸರು ‘ಅಜ್ಜಿಯ ಕನ್ನಡಕ’. ಅಜ್ಜಿ ಮತ್ತು ಮೊಮ್ಮಗನಾಗಿ ಇಬ್ಬರು ಪ್ರಶಿಕ್ಷಣಾರ್ಥಿಗಳು. ನಾಟಕ ಎರಡೇ ನಿಮಿಷದ್ದು, ನಡುವೆ ಎರಡು ‘ಕಟ್’. ನಾನು ‘ಕಟ್’ ಎಂದಾಗ ಮಕ್ಕಳು ತಲೆಬಗ್ಗಿಸಿ, ಕಣ್ಣು ಮುಚ್ಚಿ ಹತ್ತು ಎಣಿಸಬೇಕು. ಅಷ್ಟರಲ್ಲಿ ನಾವು ಐದು ಬದಲಾವಣೆ ಮಾಡುತ್ತಿದ್ದೆವು: ಸ್ಟೀಲಿನ ಲೋಟ ಹೋಗಿ ಗಾಜಿನ ಲೋಟ ಬಂತು, ಮೊಮ್ಮಗನ ಚೀಲ ಬಲ ಹೆಗಲಿನಿಂದ ಎಡ ಹೆಗಲಿಗೆ ಹೋಯಿತು, ಹಸಿರು ಹೊದಿಕೆಯ ಪುಸ್ತಕದ ಜಾಗದಲ್ಲಿ ಕೆಂಪು ಹೊದಿಕೆಯದು ಕೂತಿತು, ಗೋಡೆಯ ಕ್ಯಾಲೆಂಡರಿನ ಹಾಳೆ ತಿರುಗಿತು, ಅಜ್ಜಿಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿತು. ಮೂರನೆಯ ಪ್ರಶಿಕ್ಷಣಾರ್ಥಿ ಇಡೀ ನಾಟಕವನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡರು.

ಮೊದಲ ಸಲ ಮಕ್ಕಳಿಗೆ ಹೇಳಿದ್ದು ಇಷ್ಟೇ: “ಕಥೆ ಕೇಳಿ. ಅಜ್ಜಿಗೆ ಯಾಕೆ ಸಿಟ್ಟು ಬಂತು ಅಂತ ಆಮೇಲೆ ಹೇಳಬೇಕು.” ಕಥೆಯನ್ನು ಎಲ್ಲರೂ ಸರಿಯಾಗಿಯೇ ಹೇಳಿದರು. ಏನಾದರೂ ಬದಲಾಯಿತೇ ಎಂದು ಕೇಳಿದಾಗ ಮಾತ್ರ ತರಗತಿ ಪರಸ್ಪರ ಮುಖ ನೋಡಿಕೊಂಡಿತು. “ತಪ್ಪು ಹುಡುಕಿ” ಎಂದು ಹೇಳಿ ಅದೇ ನಾಟಕವನ್ನು ಮತ್ತೊಮ್ಮೆ ಆಡಿಸಿದಾಗ ಕೈಗಳು ಮೇಲೇಳತೊಡಗಿದವು.

ಇಲ್ಲಿ ಪ್ರಶಿಕ್ಷಣಾರ್ಥಿಗಳು ತಿಳಿದಿರಬೇಕಾದ ಒಂದು ಸಂಶೋಧನೆ ಇದೆ. ಡೇನಿಯಲ್ ಲೆವಿನ್ ಮತ್ತು ಡೇನಿಯಲ್ ಸೈಮನ್ಸ್ ಎಂಬ ಮನೋವಿಜ್ಞಾನಿಗಳು 1997ರಲ್ಲಿ ಪ್ರಕಟಿಸಿದ ಪ್ರಯೋಗವದು. ಇಬ್ಬರು ಮಹಿಳೆಯರು ಊಟದ ಮೇಜಿನ ಬಳಿ ಮಾತಾಡುವ ಕಿರುಚಿತ್ರದಲ್ಲಿ ಬೇಕೆಂದೇ 9 ಮುಂದುವರಿಕೆಯ ತಪ್ಪುಗಳನ್ನು ಇಟ್ಟಿದ್ದರು. ತಟ್ಟೆಯ ಬಣ್ಣ ಕೆಂಪಿನಿಂದ ಬಿಳಿಗೆ ಬದಲಾಗುವುದು ಅವುಗಳಲ್ಲೊಂದು. ಮೊದಲ ಸಲ ನೋಡಿದ 10 ಜನರಲ್ಲಿ ಏನೋ ಬದಲಾಯಿತೆಂದು ಹೇಳಿದವರು ಒಬ್ಬರೇ. ಕಥೆಯ ಅರ್ಥವನ್ನು ಹಿಂಬಾಲಿಸುವಾಗ ನಾವು ತಟ್ಟೆಯ ಬಣ್ಣವನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಗಮನ ಎತ್ತ ಇದೆಯೋ ಅದು ಮಾತ್ರ ಉಳಿಯುತ್ತದೆ. “ಬೋರ್ಡಿನ ಮೇಲೇ ಬರೆದಿತ್ತಲ್ಲ, ಕಾಣಲಿಲ್ಲವೇ?” ಎಂದು ಮಕ್ಕಳನ್ನು ಗದರಿಸುವ ಮುನ್ನ ನಮಗಿದು ನೆನಪಾಗಬೇಕು.

ಕಿರುನಾಟಕದ ಚರ್ಚೆಯಲ್ಲಿ ನಾವು ಯೋಜಿಸದ ಎರಡು ಸಂಗತಿ ನಡೆದವು. ಒಬ್ಬ ಹುಡುಗಿ, “ಅಜ್ಜಿ ಮಿಸ್ಸು ಬಳೆ ಬದಲಿಸಿದ್ದಾರೆ” ಎಂದಳು. ನಾವು ಬಳೆ ಮುಟ್ಟಿರಲಿಲ್ಲ. “ಇಲ್ಲ” ಎಂದು ಹೇಳಿ ಮುಗಿಸದೆ ಮೊಬೈಲಿನ ಚಿತ್ರವನ್ನು ಅವಳ ಕೈಗೇ ಕೊಟ್ಟೆ. ಎರಡು ಭಾಗಗಳನ್ನೂ ನಿಲ್ಲಿಸಿ ನೋಡಿ, “ಅದೇ ಬಳೆ ಸಾರ್, ಬಿಸಿಲು ಬಿದ್ದು ಬೇರೆ ಥರ ಕಂಡಿದೆ. ನನ್ನದು ಹೊಡೆದು ಹಾಕಿ” ಎಂದು ಅವಳೇ ಹೇಳಿದಳು. ಹಿಂದಿನ ಸಾಲಿನ ಒಬ್ಬ ಹುಡುಗ, “ಮೊದಲು ಕಿಟಕಿ ಮುಚ್ಚಿತ್ತು, ಆಮೇಲೆ ತೆಗೆದಿತ್ತು” ಎಂದ. ಪ್ರಶಿಕ್ಷಣಾರ್ಥಿಗಳು ಮೂವರೂ ತಲೆಯಾಡಿಸಿದರು, ನಾವು ಕಿಟಕಿಯ ತಂಟೆಗೇ ಹೋಗಿರಲಿಲ್ಲ. ಚಿತ್ರ ನೋಡಿದರೆ ಹುಡುಗ ಹೇಳಿದ್ದೇ ನಿಜ. ಗಾಳಿಗೆ ಕಿಟಕಿ ತೆರೆದುಕೊಂಡಿತ್ತು. ಸಿನಿಮಾದಲ್ಲಿ ತಪ್ಪು ಹೇಗೆ ನುಸುಳುತ್ತದೆ ಎಂಬುದನ್ನು ನಾನು ಬೇರೆ ವಿವರಿಸುವ ಅಗತ್ಯ ಬೀಳಲಿಲ್ಲ.

ಆದರೂ ಒಂದು ಮಾತು ಸೇರಿಸಿದೆ. ಸಿನಿಮಾವನ್ನು ಕಥೆಯ ಕ್ರಮದಲ್ಲಿ ಚಿತ್ರಿಸುವುದು ಅಪರೂಪ. ಮನೆಯೊಳಗಿನ ದೃಶ್ಯಗಳನ್ನೆಲ್ಲ ಒಂದು ವಾರ, ಬೀದಿಯ ದೃಶ್ಯಗಳನ್ನು ಇನ್ನೊಂದು ತಿಂಗಳು ತೆಗೆಯುತ್ತಾರೆ. ಲೋಟ ಎಲ್ಲಿತ್ತು, ಗುಂಡಿ ಹಾಕಿತ್ತೇ ಎಂದು ಬರೆದಿಟ್ಟುಕೊಳ್ಳಲು ಒಬ್ಬರು ಇದ್ದೇ ಇರುತ್ತಾರೆ. ಆದರೂ ಕೆಲವು ತಪ್ಪುಗಳನ್ನು ತಿಳಿದೇ ಬಿಡುವುದುಂಟು. ‘ಅಪೊಕಲಿಪ್ಸ್ ನೌ’ ಚಿತ್ರದ ಸಂಕಲನಕಾರರಲ್ಲೊಬ್ಬರಾದ ವಾಲ್ಟರ್ ಮರ್ಚ್, ಒಂದು ಶಾಟ್ ಎಲ್ಲಿ ಕತ್ತರಿಸಬೇಕೆಂದು ನಿರ್ಧರಿಸಲು ಆರು ಅಂಶಗಳನ್ನು ಪಟ್ಟಿಮಾಡಿ ಅವುಗಳಿಗೆ ಶೇಕಡಾವಾರು ತೂಕ ಕೊಟ್ಟಿದ್ದಾರೆ. ಭಾವನೆಗೆ 51, ಕಥೆಗೆ 23. ವಸ್ತು, ವ್ಯಕ್ತಿಗಳು ಇದ್ದ ಜಾಗದಲ್ಲೇ ಇರಬೇಕೆಂಬ ಮುಂದುವರಿಕೆಗೆ ಎಲ್ಲಕ್ಕಿಂತ ಕಡಿಮೆ, 4 ಮಾತ್ರ. ನಟಿಯ ಕಣ್ಣೀರು ನಿಜವಾಗಿ ಉಕ್ಕಿದ ಶಾಟ್‌ನಲ್ಲಿ ಲೋಟ ಸ್ವಲ್ಪ ಆಚೆ ಇದ್ದರೆ, ಅವರು ಆರಿಸಿಕೊಳ್ಳುವುದು ಆ ಕಣ್ಣೀರಿನ ಶಾಟನ್ನೇ.

ಕಂಡದ್ದು, ಊಹಿಸಿದ್ದು

ಮೊದಲ ತುಣುಕು ಆಲ್ಫ್ರೆಡ್ ಹಿಚ್‌ಕಾಕ್ ನಿರ್ದೇಶನದ ‘ನಾರ್ತ್ ಬೈ ನಾರ್ತ್‌ವೆಸ್ಟ್’ (1959) ಚಿತ್ರದ್ದು. ಉಪಾಹಾರ ಗೃಹವೊಂದರಲ್ಲಿ ನಾಯಕಿ ಪಿಸ್ತೂಲು ಹಾರಿಸುವ ದೃಶ್ಯ. ಹಿಂದಿನ ಮೇಜಿನಲ್ಲಿ ಕೂತ ಹುಡುಗ, ಗುಂಡು ಹಾರುವ ಮೊದಲೇ ಎರಡೂ ಕಿವಿಗಳಿಗೆ ಬೆರಳಿಟ್ಟುಕೊಳ್ಳುತ್ತಾನೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಬೋರ್ಡಿನ ಮೇಲೆ ಮೂರು ಕಾಲಂ ಬರೆದೆ: ಕಂಡದ್ದು, ಊಹಿಸಿದ್ದು, ಆಧಾರ.

ಕಂಡದ್ದು: ಸದ್ದಿಗೆ ಮೊದಲೇ ಹುಡುಗ ಕಿವಿ ಮುಚ್ಚಿದ. ಊಹಿಸಿದ್ದು: ಆ ದೃಶ್ಯವನ್ನು ಹಲವು ಸಲ ಮಾಡಿಸಿದ್ದರಿಂದ ಅವನಿಗೆ ಸದ್ದು ಬರುವುದು ಗೊತ್ತಿತ್ತು. ಇದು ಒಳ್ಳೆಯ ಊಹೆ, ಆದರೂ ಊಹೆಯೇ. “ಹುಡುಗ ಹೆದರುಪುಕ್ಕಲ” ಎಂದು ಒಬ್ಬ ಹೇಳಿದ್ದನ್ನೂ ಅದೇ ಕಾಲಂಗೆ ಹಾಕಿದೆವು.

ಈ ವ್ಯತ್ಯಾಸ ಎಷ್ಟು ಮುಖ್ಯವೆಂದು ತೋರಿಸಲು ಒಂದು ನಿಶ್ಚಲ ಚಿತ್ರ ಬಳಸಿದೆ. 2019ರ ಮೇ ತಿಂಗಳಿನಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಕೊನೆಯ ಸೀಸನ್ನಿನ ನಾಲ್ಕನೆಯ ಕಂತು ಪ್ರಸಾರವಾಯಿತು. ಕತ್ತಿ, ಕಿರೀಟಗಳ ಕಾಲ್ಪನಿಕ ಲೋಕದ ಕಥೆಯದು. ಅದರ ಔತಣದ ದೃಶ್ಯದಲ್ಲಿ, ರಾಣಿಯ ಮುಂದಿನ ಮೇಜಿನ ಮೇಲೆ ಮುಚ್ಚಳವಿರುವ ಕಾಗದದ ಕಾಫಿ ಲೋಟವೊಂದು ಉಳಿದುಬಿಟ್ಟಿತ್ತು. ನಿರ್ಮಾಣ ಸಂಸ್ಥೆ ತಪ್ಪೊಪ್ಪಿಕೊಂಡು, ಎರಡೇ ದಿನದಲ್ಲಿ ಲೋಟವನ್ನು ದೃಶ್ಯದಿಂದ ಅಳಿಸಿತು. ಆದರೆ ಅಷ್ಟರೊಳಗೆ ಜಗತ್ತಿನ ತುಂಬ ಅದು ‘ಸ್ಟಾರ್‌ಬಕ್ಸ್ ಲೋಟ’ ಎಂದೇ ಸುದ್ದಿಯಾಗಿತ್ತು. ನಿಜದಲ್ಲಿ ಅದು ಆ ಕಂಪನಿಯದಲ್ಲ. ಚಿತ್ರೀಕರಣದ ಸ್ಥಳದಲ್ಲಿ ತಂಡಕ್ಕೆ ಊಟ, ತಿಂಡಿ ಕೊಡುವವರ ಲೋಟ. ಲೋಟ ಕಂಡಿತ್ತು, ಕಂಪನಿಯ ಹೆಸರು ಕಂಡಿರಲಿಲ್ಲ. ತಪ್ಪು ಹಿಡಿದವರೇ ಇನ್ನೊಂದು ತಪ್ಪು ಸೇರಿಸಿದ್ದರು. (ಈ ಧಾರಾವಾಹಿ ಮಕ್ಕಳಿಗೆ ತಕ್ಕದ್ದಲ್ಲ. ಮೇಜಿನ ಭಾಗವನ್ನಷ್ಟೇ ಕತ್ತರಿಸಿದ ಚಿತ್ರ ತೋರಿಸಿದರೆ ಸಾಕು.)

ಎರಡನೆಯ ಅವಧಿ: ಓದಿದರೆ ಮಾತ್ರ ಕಾಣುವ ತಪ್ಪು

ಮರುದಿನ ಕಾಲದೋಷ, ಸಂಗತಿಯ ತಪ್ಪುಗಳಿಗೆ ಬಂದೆವು. ಮುಖ್ಯ ಉದಾಹರಣೆ ಜೇಮ್ಸ್ ಕ್ಯಾಮೆರಾನ್ ಅವರ ‘ಟೈಟಾನಿಕ್’ (1997). ಹಡಗು ಮುಳುಗಿದ್ದು 1912ರ ಏಪ್ರಿಲ್ 15ರ ನಸುಕಿನಲ್ಲಿ, ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ. ಆ ಹೊತ್ತಿಗೆ, ಆ ಜಾಗದಲ್ಲಿ ಯಾವ ನಕ್ಷತ್ರಗಳು ಕಾಣುತ್ತಿದ್ದವೆಂದು ಲೆಕ್ಕ ಹಾಕಬಹುದು. ಚಿತ್ರದಲ್ಲಿ ನಾಯಕಿ ನೋಡುವ ಆಕಾಶ ಆ ಆಕಾಶವಲ್ಲವೆಂದು ಖಗೋಳ ವಿಜ್ಞಾನಿ ನೀಲ್ ಡಿಗ್ರಾಸ್ ಟೈಸನ್ ತೋರಿಸಿಕೊಟ್ಟರು. ಆಕಾಶದ ಎಡ ಅರ್ಧವು ಬಲ ಅರ್ಧದ ಪ್ರತಿಬಿಂಬದಂತೆ ಇತ್ತು. ಕ್ಯಾಮೆರಾನ್ ಅವರು ಟೈಸನ್ ಅವರಿಂದಲೇ ಸರಿಯಾದ ನಕ್ಷತ್ರಗಳ ವಿವರ ಕೇಳಿ ಪಡೆದು, 2012ರಲ್ಲಿ ಚಿತ್ರ ತ್ರೀಡಿಯಲ್ಲಿ ಮತ್ತೆ ಬಿಡುಗಡೆಯಾದಾಗ ಆಕಾಶವನ್ನು ತಿದ್ದಿದರು. “ತಪ್ಪು ಎಂದವರು ಸರಿ ಯಾವುದೆಂದೂ ಹೇಳಿದ್ದರಿಂದ ತಿದ್ದಲು ಆಯಿತು” ಎಂಬ ಮಾತು ತರಗತಿಯಿಂದಲೇ ಬಂತು.

ಅದೇ ಚಿತ್ರದಲ್ಲಿ ನಾಯಕ ತಾನು ಚಿಕ್ಕವನಿದ್ದಾಗ ವಿಸ್ಕಾನ್ಸಿನ್‌ನ ವಿಸೋಟ ಸರೋವರದಲ್ಲಿ ಮೀನು ಹಿಡಿಯಲು ಹೋಗಿದ್ದನ್ನು ಹೇಳುತ್ತಾನೆ. ಆ ಸರೋವರ ಉಂಟಾದದ್ದು ನದಿಗೆ ಅಣೆಕಟ್ಟು ಕಟ್ಟಿದ ಮೇಲೆ, ಟೈಟಾನಿಕ್ ಮುಳುಗಿ ಕೆಲವು ವರ್ಷ ಕಳೆದ ನಂತರ. ಇದನ್ನು ನಮ್ಮ ಮಕ್ಕಳಿಗೆ ಹತ್ತಿರ ತರುವುದು ಸುಲಭ: 1900ರಲ್ಲಿ ನಡೆಯುವ ಕಥೆಯಲ್ಲಿ ಒಬ್ಬಾತ ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಈಜಿದಂತೆ. ಆ ಕಟ್ಟೆಯ ಕೆಲಸ ಶುರುವಾದದ್ದೇ 1911ರಲ್ಲಿ.

ಇದಾದ ಮೇಲೆ ಗುಂಪಿಗೊಂದು ಕಾಗದ ಕೊಟ್ಟು, ‘ಇದರಲ್ಲಿ ಕಾಲದೋಷ ಇದೆಯೇ? ಯಾವ ಪುಸ್ತಕದಲ್ಲಿ ನೋಡುತ್ತೀರಿ?’ ಎಂದು ಕೇಳಿದೆ. ನಾನು ಕೊಟ್ಟ ಕಾಲ್ಪನಿಕ ದೃಶ್ಯಗಳಿವು.

1965ರ ಕಥೆ, ಕಚೇರಿಯ ಮುಂದೆ ‘ಕರ್ನಾಟಕ ಸರ್ಕಾರ’ ಎಂಬ ಫಲಕ. (ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅಲ್ಲಿಯವರೆಗೆ ಮೈಸೂರು ರಾಜ್ಯ.)

ಹೊಯ್ಸಳರ ಅರಮನೆಯ ಅಡುಗೆಮನೆ, ಮೂಲೆಯಲ್ಲಿ ಒಣಮೆಣಸಿನಕಾಯಿಯ ರಾಶಿ. (ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ, ಪೋರ್ಚುಗೀಸರು ಬಂದ ಮೇಲೆ ಇಲ್ಲಿಗೆ ಬಂತು. ಆ ಅಡುಗೆಗೆ ಖಾರ ಕರಿಮೆಣಸಿನದು.)

1950ರ ಸಂತೆ, ವ್ಯಾಪಾರಿ “ರೂಪಾಯಿಗೆ ನೂರು ಪೈಸೆ” ಎನ್ನುತ್ತಾನೆ. (ದಶಮಾಂಶ ನಾಣ್ಯ ಜಾರಿಗೆ ಬಂದದ್ದು 1957ರ ಏಪ್ರಿಲ್ 1ರಂದು. ಅದಕ್ಕೆ ಮೊದಲು ರೂಪಾಯಿಗೆ ಹದಿನಾರಾಣೆ.)

1995ರ ಅಂಗಡಿ, ಬೆಲೆಪಟ್ಟಿಯಲ್ಲಿ ಈಗಿನ ರೂಪಾಯಿ ಚಿಹ್ನೆ. (ಆ ಚಿಹ್ನೆ ಬಂದದ್ದು 2010ರಲ್ಲಿ.)

ಮೆಣಸಿನಕಾಯಿಯ ವಿಷಯದಲ್ಲಿ ಮಕ್ಕಳು ಬಹಳ ಹೊತ್ತು ಜಗಳವಾಡಿದರು. “ಹಾಗಾದರೆ ವಿಷ್ಣುವರ್ಧನನಿಗೆ ಸಾರು ಹೇಗೆ ಮಾಡುತ್ತಿದ್ದರು?” ಎಂಬ ಪ್ರಶ್ನೆ ಹುಟ್ಟಿತು. ಇತಿಹಾಸದ ಪಾಠದಲ್ಲಿ ನಾವು ಕಷ್ಟಪಟ್ಟು ಹುಟ್ಟಿಸಬೇಕೆಂದಿರುವ ಪ್ರಶ್ನೆ ಇಂಥದ್ದೇ ಅಲ್ಲವೇ?

ವಿಜ್ಞಾನದ ತಪ್ಪಿಗೆ ಗುಡುಗು, ಮಿಂಚನ್ನು ಆರಿಸಿಕೊಂಡಿದ್ದೆ. ಧಾರಾವಾಹಿಗಳಲ್ಲಿ ಅತ್ತೆಗೆ ಆಘಾತವಾದಾಗಲೆಲ್ಲ ಮಿಂಚು ಹೊಳೆಯುವುದೂ ಗುಡುಗು ಕೇಳುವುದೂ ಒಟ್ಟಿಗೇ. ಒಬ್ಬ ಹುಡುಗ ಎದ್ದು, “ಬೆಳಕು ಮೊದಲು ಬರಬೇಕು, ಸದ್ದು ಆಮೇಲೆ. ತಪ್ಪು” ಎಂದ. ಶಬ್ದದ ವೇಗ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್, ಅಂದರೆ ಒಂದು ಕಿಲೋಮೀಟರಿಗೆ ಹೆಚ್ಚುಕಡಿಮೆ 3 ಸೆಕೆಂಡು ಎಂದು ಲೆಕ್ಕವನ್ನೂ ಹಾಕಿ ತೋರಿಸಿದ. ಆಗ ಪಕ್ಕದ ಸಾಲಿನ ಹುಡುಗಿ ಕೇಳಿದಳು: “ಸಿಡಿಲು ಮನೆ ಹಿಂದಿನ ತೆಂಗಿನ ಮರಕ್ಕೇ ಹೊಡೆದಿದ್ದರೆ?” ಹಾಗಿದ್ದರೆ ಎರಡೂ ಒಟ್ಟಿಗೇ ಬಂದಂತೆ ಅನ್ನಿಸುತ್ತದೆ. ಹಾಗಾದರೆ ಆ ದೃಶ್ಯ ತಪ್ಪೆಂದು ಹೇಳಲು ಸಿಡಿಲು ದೂರದಲ್ಲಿತ್ತು ಎಂಬುದನ್ನೂ ತೋರಿಸಬೇಕು. ಹುಡುಗ ಸ್ವಲ್ಪ ಯೋಚಿಸಿ ತನ್ನ ವಾಕ್ಯವನ್ನು ತಿದ್ದಿಕೊಂಡ: “ಮಿಂಚು ದೂರದ ಬೆಟ್ಟದ ಮೇಲೆ ಕಂಡರೆ ಮಾತ್ರ ತಪ್ಪು.” ಎರಡು ಅವಧಿಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ವಾಕ್ಯ ಇದು. ಈ ‘ಮಾತ್ರ’ ಎಂಬ ಪದ ಬರುವುದಕ್ಕಾಗಿಯೇ ಈ ಪಾಠ.

ದೋಷವೋ, ಅದೋಷವೋ?

ಎರಡನೆಯ ತುಣುಕು ‘ಲಗಾನ್’ (2001) ಚಿತ್ರದ ಕೊನೆಯ ಎಸೆತ. ಕಥೆ ನಡೆಯುವುದು 1893ರಲ್ಲಿ. ಭುವನ್ ಹೊಡೆದ ಚೆಂಡನ್ನು ಇಂಗ್ಲಿಷ್ ಕ್ಯಾಪ್ಟನ್ ಹಿಡಿಯುತ್ತಾನೆ, ಆದರೆ ಗೆರೆಯ ಆಚೆ ನಿಂತು. ಅಂಪೈರ್ ಆರು ರನ್ ಕೊಡುತ್ತಾರೆ, ಹಳ್ಳಿ ಗೆಲ್ಲುತ್ತದೆ. ತರಗತಿಯ ಕ್ರಿಕೆಟ್ ಹುಚ್ಚರಿಗೆ ಎರಡು ಸಂಗತಿ ಹೇಳಿದೆ. ಇಂಗ್ಲೆಂಡಿನಲ್ಲಿ 1889ರಿಂದ 1899ರವರೆಗೆ ಓವರಿಗೆ ಐದೇ ಎಸೆತ, ಆರು ಎಸೆತ ಬಂದದ್ದು 1900ರಲ್ಲಿ. ಚಿತ್ರದಲ್ಲಿ ಓವರಿಗೆ ಆರು ಎಸೆತ. ಇನ್ನೂ ದೊಡ್ಡದು ಇನ್ನೊಂದು: 1910ಕ್ಕೆ ಮೊದಲು ಆರು ರನ್ ಸಿಗಬೇಕಾದರೆ ಚೆಂಡು ಗೆರೆ ದಾಟಿದರೆ ಸಾಲದು, ಮೈದಾನದಿಂದಲೇ ಆಚೆ ಹೋಗಬೇಕಿತ್ತು.

ತರಗತಿ ಒಂದು ಕ್ಷಣ ಸ್ತಬ್ಧವಾಯಿತು. “ಹಾಗಾದರೆ ಅವರು ಸೋತರಾ?” ಎಂದು ಒಬ್ಬಳು ಕೇಳಿದಾಗ ಅವಳ ದನಿಯಲ್ಲಿ ನಿಜವಾದ ಆತಂಕವಿತ್ತು. ಚರ್ಚೆಗೆ ಬಿಟ್ಟೆ. ಒಂದು ಗುಂಪಿನ ವಾದ: ಇತಿಹಾಸದ ಕಥೆ ಹೇಳುವವರು ಆಗಿನ ನಿಯಮ ತಿಳಿದಿರಬೇಕು. ಇನ್ನೊಂದು ಗುಂಪಿನ ವಾದ: ಇದು ನಡೆದ ಪಂದ್ಯವಲ್ಲ, ಕಟ್ಟಿದ ಕಥೆ. ನೋಡುವವರಿಗೆ ಈಗಿನ ನಿಯಮವೇ ಗೊತ್ತಿರುವುದು, ಐದು ಎಸೆತದ ಓವರ್ ಇಟ್ಟರೆ ಪ್ರತಿ ಸಲವೂ ವಿವರಿಸುತ್ತಾ ಕೂರಬೇಕಾಗುತ್ತದೆ. ಕೊನೆಗೆ ಎರಡೂ ಗುಂಪು ಒಪ್ಪಿದ್ದು: ಸಂಗತಿಯಲ್ಲಿ ತಪ್ಪಿದೆ, ಕಥೆಗೆ ಧಕ್ಕೆ ಇಲ್ಲ. ಎರಡನ್ನೂ ಒಟ್ಟಿಗೆ ಹೇಳಬಹುದು.

ಈ ತೂಗುವಿಕೆ ನಮ್ಮ ಪರಂಪರೆಗೆ ಹೊಸದಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದದ ಹೆಸರೇ ‘ದೋಷಾದೋಷಾನುವರ್ಣನ ನಿರ್ಣಯ’. ಯಾವುದು ದೋಷ ಎಂಬುದರ ಜೊತೆಗೆ ಯಾವುದು ದೋಷವಲ್ಲ ಎಂಬ ವಿಚಾರವೂ ಆ ಹೆಸರಿನಲ್ಲೇ ಇದೆ. ಚಕೋರ ಬೆಳದಿಂಗಳು ಕುಡಿಯುತ್ತದೆ, ಹಂಸ ನೀರು ಬಿಟ್ಟು ಹಾಲು ಹೀರುತ್ತದೆ ಎಂಬುವನ್ನು ಕವಿಸಮಯವೆಂದು ಒಪ್ಪುತ್ತೇವೆಯೇ ಹೊರತು ಪಕ್ಷಿಶಾಸ್ತ್ರದ ತಪ್ಪೆಂದು ಯಾರೂ ಬರೆದಿಡುವುದಿಲ್ಲ. ಹಾಡಿನ ಪಲ್ಲವಿ ಹೊಲದಲ್ಲಿ, ಚರಣ ಹಿಮದ ಬೆಟ್ಟದಲ್ಲಿ, ಸೀರೆ ನಾಲ್ಕು ಬಣ್ಣದಲ್ಲಿ ಬಂದರೆ ಅದೂ ಸಿನಿಮಾದ ಕವಿಸಮಯವೇ. ‘ಅಮರಶಿಲ್ಪಿ ಜಕಣಾಚಾರಿ’ (1964) ನೋಡಿದ ಮಗುವಿಗೆ, ಬೇಲೂರಿನ ಶಿಲ್ಪಗಳ ಕೆಳಗೆ ಕೆತ್ತಿರುವುದು ದಾಸೋಜ, ಚಾವಣರಂಥವರ ಹೆಸರುಗಳು, ಜಕಣಾಚಾರಿಯದು ಜನರು ಹೇಳಿಕೊಂಡು ಬಂದ ಐತಿಹ್ಯ ಎಂದು ತಿಳಿಸಬೇಕು. ಅದರಿಂದ ಸಿನಿಮಾ ಸುಳ್ಳಾಗುವುದಿಲ್ಲ. ಶಾಸನ ಹೇಳುವುದು ಯಾವುದು, ಐತಿಹ್ಯ ಹೇಳುವುದು ಯಾವುದು ಎಂದು ಮಗುವಿಗೆ ಗೊತ್ತಾಗುತ್ತದೆ.

ಸ್ವಾರಸ್ಯದ ಸಂಗತಿಗಳ ಪರೀಕ್ಷೆ

ಕೊನೆಯ ಹತ್ತು ನಿಮಿಷ ‘ನಿಮಗೆ ಗೊತ್ತೇ?’ ಎಂಬ ಬಗೆಯ ಸಂಗತಿಗಳಿಗೆ. ಮೂರು ಪ್ರಶ್ನೆ ಕೊಟ್ಟೆ: ಹೇಳಿದವರು ಯಾರು? ಅವರಿಗೆ ಹೇಗೆ ಗೊತ್ತು? ಹೇಳಿಕೆಯ ಯಾವ ಪದ ಭಾರ ಹೊತ್ತಿದೆ?

ಮೊದಲ ಸಂಗತಿ: ‘ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನ’. ಇಲ್ಲಿ ಭಾರ ಹೊತ್ತ ಪದ ‘ಮೊದಲ’. ಮೊದಲು ತಯಾರಾದದ್ದೋ, ಮೊದಲು ತೆರೆಕಂಡದ್ದೋ? 1934ರ ಮಾರ್ಚ್ 3ರಂದು ‘ಸತಿ ಸುಲೋಚನ’ ಮೊದಲು ಬಿಡುಗಡೆಯಾಯಿತು. ‘ಭಕ್ತ ಧ್ರುವ’ ಅದಕ್ಕೂ ಮೊದಲೇ ತಯಾರಾಗಿತ್ತು, ಬಿಡುಗಡೆಯಾದದ್ದು ನಂತರ. ‘ಬಿಡುಗಡೆಯಾದ’ ಎಂಬ ಒಂದು ಪದ ಸೇರಿಸಿದರೆ ವಾಕ್ಯ ಗಟ್ಟಿಯಾಗುತ್ತದೆ.

ಎರಡನೆಯ ಸಂಗತಿ: ‘ಮಲ್ಲೇಶ್ವರದ ಮಲ್, ಬಸವನಗುಡಿಯ ಗುಡಿ ಸೇರಿ ಮಾಲ್ಗುಡಿ ಆಯಿತು’. ಶಂಕರನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಪ್ರಸ್ತಾಪ ಬಂದಾಗಲೆಲ್ಲ ಈ ಮಾತೂ ಬರುತ್ತದೆ. ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಊರನ್ನು ಸೃಷ್ಟಿಸಿದ ಆರ್.ಕೆ. ನಾರಾಯಣ್ ತಮ್ಮ ಆತ್ಮಕಥೆಯಲ್ಲಿ, ಆ ಹೆಸರು ಒಂದು ಪುಟ್ಟ ರೈಲು ನಿಲ್ದಾಣದ ಚಿತ್ರದೊಂದಿಗೆ ತಾನಾಗಿ ಮನಸ್ಸಿಗೆ ಬಂತೆಂದು ಬರೆದುಕೊಂಡಿದ್ದಾರೆ. ಎರಡು ಬಡಾವಣೆಗಳನ್ನು ಕೂಡಿಸಿದ ಕಥೆ ಅಲ್ಲಿಲ್ಲ. ವಿವರಣೆ ಇಷ್ಟವಾಯಿತು ಎಂಬುದು ಆಧಾರವಲ್ಲ ಎಂದು ಒಂಬತ್ತನೆಯ ತರಗತಿಗೆ ತಿಳಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ. ಅಂದಹಾಗೆ, ಧಾರಾವಾಹಿಯಲ್ಲಿ ಮಾಲ್ಗುಡಿಯ ನಿಲ್ದಾಣವಾಗಿದ್ದ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದಲ್ಲಿ ಈಗ ಮಾಲ್ಗುಡಿ ಹೆಸರಿನ ವಸ್ತುಸಂಗ್ರಹಾಲಯವಿದೆ. ಇದನ್ನು ಹೋಗಿ ನೋಡಿಯೇ ಖಚಿತಪಡಿಸಿಕೊಳ್ಳಬಹುದು.

ಮೌಲ್ಯಮಾಪನ

ಮನೆಗೆಲಸ ಒಂದೇ: ವಾರದೊಳಗೆ ನೋಡಿದ ಯಾವುದಾದರೂ ಸಿನಿಮಾ, ಧಾರಾವಾಹಿ, ಜಾಹೀರಾತಿನಿಂದ ಒಂದು ತಪ್ಪನ್ನು ಆರಿಸಿ, ಮೂರು ಕಾಲಂನಲ್ಲಿ ಬರೆದು, ಕೊನೆಗೆ ‘ಇದರಿಂದ ಕಥೆಗೆ ಧಕ್ಕೆಯಾಯಿತೇ?’ ಎಂಬುದಕ್ಕೆ ಎರಡು ವಾಕ್ಯ. ಅಂಕ ಕೊಡುವಾಗ ತಪ್ಪು ಎಷ್ಟು ದೊಡ್ಡದೆಂದು ನೋಡಬಾರದು. ಕಂಡದ್ದು ಹಾಗೂ ಊಹಿಸಿದ್ದು ಬೇರೆಯಾಗಿವೆಯೇ, ಆಧಾರ ತಪ್ಪಿನ ಬಗೆಗೆ ತಕ್ಕದ್ದೇ ಎಂಬುದನ್ನು ನೋಡಬೇಕು. ‘ತಪ್ಪು ಎಂದುಕೊಂಡಿದ್ದೆ, ಮತ್ತೆ ನೋಡಿದಾಗ ತಪ್ಪಲ್ಲ’ ಎಂದು ಬರೆದ ಮಗುವಿಗೆ ಪೂರ್ಣ ಅಂಕ.

ಪ್ರಶಿಕ್ಷಣಾರ್ಥಿಗಳು ಒಂದು ಎಚ್ಚರ ವಹಿಸಬೇಕು. ಈ ಪಾಠದ ನಂತರ ಮಕ್ಕಳು ನಿಮ್ಮ ಕಪ್ಪುಹಲಗೆಯ ತಪ್ಪುಗಳನ್ನೂ ಹಿಡಿಯುತ್ತಾರೆ. ಹಿಡಿಯಲಿ. “ಎಲ್ಲಿ, ತೋರಿಸು” ಎಂದು ಸೀಮೆಸುಣ್ಣವನ್ನು ಅವರ ಕೈಗೆ ಕೊಡಿ. ಸಹಪಾಠಿಯ ಉಚ್ಚಾರವನ್ನೋ ಬಟ್ಟೆಯನ್ನೋ ‘ತಪ್ಪು’ ಎಂದು ಆಡಿಕೊಳ್ಳಲು ಹೊರಟರೆ ಮಾತ್ರ ಅಲ್ಲೇ ತಡೆಯಿರಿ. ಕೃತಿಯ ತಪ್ಪು ಹುಡುಕುವುದು ಈ ಪಾಠ, ವ್ಯಕ್ತಿಯದಲ್ಲ.

ವೀಕ್ಷಣಾ ಪುಸ್ತಕಕ್ಕೆ ಮೂರು ಕಾಲಂ

ಈ ಮಾತು ಮಕ್ಕಳಿಗಿಂತ ನಮಗೆ ಹೆಚ್ಚು ಅನ್ವಯಿಸುತ್ತದೆ. ವಿಮರ್ಶಾ ಪಾಠದ ದಿನ ಹಿಂದಿನ ಬೆಂಚಿನಲ್ಲಿ ಕೂತ ಸಹ ಪ್ರಶಿಕ್ಷಣಾರ್ಥಿಗಳು ಮಾಡುವುದೂ ತಪ್ಪು ಹುಡುಕುವ ಕೆಲಸವೇ. ಒಮ್ಮೆ ಒಬ್ಬ ಪ್ರಶಿಕ್ಷಣಾರ್ಥಿಯ ಪಾಠಕ್ಕೆ ಬಂದ ಟಿಪ್ಪಣಿಗಳನ್ನು ನಾನು ಓದಿದೆ. ‘ಆತ್ಮವಿಶ್ವಾಸ ಇಲ್ಲ’, ‘ವಿಷಯಜ್ಞಾನ ಸಾಲದು’, ‘ತರಗತಿ ನಿಯಂತ್ರಣ ಕಳಪೆ’. ಹಾಳೆ ಪೂರ್ತಿ ಊಹೆಗಳೇ. ಒಂದಾದರೂ ಕಂಡ ಸಂಗತಿ ಇರಲಿಲ್ಲ. ಆಕೆ ಮರುದಿನ ಬಂದು, “ಸಾರ್, ನಾನು ಈ ಕೆಲಸಕ್ಕೆ ಆಗುವವಳಲ್ಲ ಅಂತ ಎಲ್ಲರೂ ಬರೆದಿದ್ದಾರೆ” ಎಂದರು. ಹಾಗೆಂದು ಯಾರೂ ಬರೆದಿರಲಿಲ್ಲ. ಆದರೆ ತಿದ್ದಿಕೊಳ್ಳಲು ಏನೂ ಕೊಡದ ಟಿಪ್ಪಣಿಯನ್ನು ಇನ್ನು ಹೇಗೆ ಓದಿಕೊಳ್ಳಬೇಕು?

ಈ ಮಾದರಿ ಪಾಠದ ನಂತರ ನಮ್ಮ ವೀಕ್ಷಣಾ ಪುಸ್ತಕದಲ್ಲೂ ಅದೇ ಮೂರು ಕಾಲಂ ಎಳೆಸಿದೆ. ‘ವಿಷಯಜ್ಞಾನ ಸಾಲದು’ ಎಂದು ಬರೆಯುತ್ತಿದ್ದವರು ಈಗ ‘ಹದಿನೈದನೆಯ ನಿಮಿಷ: ಕಿಟಕಿ ಪಕ್ಕದ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಬರಲಿಲ್ಲ’ ಎಂದು ಮೊದಲ ಕಾಲಂನಲ್ಲಿ ಬರೆಯುತ್ತಾರೆ. ಎರಡನೆಯದರಲ್ಲಿ ‘ಪ್ರಶ್ನೆ ಕೇಳಿಸಿಲ್ಲದೆಯೂ ಇರಬಹುದು’ ಎಂಬ ಸಾಧ್ಯತೆಗೆ ಜಾಗವಿದೆ. ನಾಲ್ಕನೆಯ ಪ್ರಶ್ನೆಯನ್ನೂ ಸೇರಿಸಿದ್ದೇವೆ: ಇದರಿಂದ ಮಕ್ಕಳ ಕಲಿಕೆಗೆ ಧಕ್ಕೆಯಾಯಿತೇ? ಡಸ್ಟರ್ ಕೈಜಾರಿ ಬಿದ್ದದ್ದು ಲೋಟ ಸರಿದಂತೆ, ಕಣ್ಣಿಗೆ ಬೀಳುತ್ತದೆ, ಪಾಠಕ್ಕೆ ಏನೂ ಆಗುವುದಿಲ್ಲ. ಉದಾಹರಣೆಯೇ ತಪ್ಪಾಗಿದ್ದರೆ ಅದು ಟೈಟಾನಿಕ್‌ನ ಆಕಾಶದಂತೆ, ತಿದ್ದಲೇಬೇಕು. ಆಗ ಸರಿ ಯಾವುದೆಂದು ಹೇಳುವುದೂ ವೀಕ್ಷಕರದೇ ಹೊಣೆ.

ಟಿಪ್ಪಣಿಗಳ ಸಂಖ್ಯೆ ಮೊದಲಿಗಿಂತ ಕಡಿಮೆಯಾಗಿದೆ. ಪಾಠ ಕೊಟ್ಟವರು ಆ ಹಾಳೆಯನ್ನು ಮಡಚಿ ಚೀಲಕ್ಕೆ ತುರುಕದೆ, ಮುಂದಿನ ಪಾಠ ಯೋಜನೆ ಬರೆಯುವಾಗ ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದಾರೆ. ಈ ಪತ್ರಿಕೆಯ ಓದುಗರು ತಮ್ಮ ಕಾಲೇಜುಗಳಲ್ಲೂ ಒಂದು ವಿಮರ್ಶಾ ಪಾಠಕ್ಕೆ ಈ ಹಾಳೆಯನ್ನು ಬಳಸಿ ನೋಡಲಿ ಎಂದು ಕೋರುತ್ತೇನೆ.